ಮೊದಲ ನೌಕರಿಯ ದಾರಿ: ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಉಮೇದವಾರಿಯಿಂದ ಅಪ್ರೆಂಟಿಸ್‌ವರೆಗೆ

ಪದವಿ ಮುಗಿಸಿದ ಯುವಕ ಯುವತಿಯರಿಗೆ ಕೆಲಸ ಕೊಡುವವರು ಮೊದಲು ಕೇಳುವುದು ಅನುಭವವನ್ನು. ಅನುಭವವಾದರೋ ಕೆಲಸ ಸಿಕ್ಕ ಮೇಲಷ್ಟೇ ಬರುವಂಥದ್ದು. ಈ ತೊಡಕು ಖಾಸಗಿ ಕಂಪನಿಗಳ ಕಾಲದಲ್ಲಿ ಹುಟ್ಟಿದ್ದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಲ್ಲಿ ಕಳೆದ ಎರಡು ಶತಮಾನಗಳ ನೌಕರಿಯ ಇತಿಹಾಸವನ್ನು ನೋಡಿದರೆ, ಅಕ್ಷರ ಕಲಿತವನು ಕೆಲಸ ಬಲ್ಲವನಾಗುವ ನಡುವಿನ ಅವಧಿಯನ್ನು ದಾಟಲು ಪ್ರತಿಯೊಂದು ಕಾಲವೂ ತನ್ನದೇ ಆದ ಏರ್ಪಾಡನ್ನು ಮಾಡಿಕೊಂಡಿತ್ತೆಂಬುದೂ, ಯಾರು ಕಚೇರಿಯ ಒಳಗೆ ಬರಬೇಕು, ಯಾರು ಹೊರಗುಳಿಯಬೇಕು ಎಂಬುದನ್ನು ಆ ಏರ್ಪಾಡೇ ತೀರ್ಮಾನಿಸುತ್ತಿತ್ತೆಂಬುದೂ ಸ್ಪಷ್ಟವಾಗುತ್ತದೆ. ಕೆಲಸ ಕಲಿಯುವ ಆ ಒಂದೆರಡು ವರ್ಷಗಳಲ್ಲಿ ಕಲಿಯುವವನ ಊಟ, ವಸತಿ, ಬಟ್ಟೆಬರೆಯ ಖರ್ಚನ್ನು ಯಾರು ಹೊರುತ್ತಿದ್ದರು ಎಂಬ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಈ ಇತಿಹಾಸದ ಬಹುಭಾಗ ಬಿಡಿಸಿಕೊಳ್ಳುತ್ತದೆ.

ಈ ನಾಲ್ಕು ಊರುಗಳ ಸೀಮೆ ಒಂದೇ ಬಗೆಯದಲ್ಲ. ನವಲಗುಂದ ಮತ್ತು ಅಣ್ಣಿಗೇರಿಯ ಸುತ್ತಲಿನದು ಹತ್ತಿ, ಜೋಳ, ಗೋದಿ, ಕಡಲೆ ಬೆಳೆಯುವ ಎರೆಭೂಮಿ. ಕುಂದಗೋಳದ ಕಡೆ ಹತ್ತಿಯೊಡನೆ ಮೆಣಸಿನಕಾಯಿ ಮುಖ್ಯ ಬೆಳೆ. ಕಲಘಟಗಿ ಮಲೆನಾಡಿನ ಸೆರಗಿನಲ್ಲಿದ್ದು ಭತ್ತ ಮತ್ತು ಕಾಡಿನ ನಾಡು. ಆಡಳಿತದಲ್ಲೂ ವ್ಯತ್ಯಾಸವಿತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಮೇಲೆ ನವಲಗುಂದ ಮತ್ತು ಕಲಘಟಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲ್ಲೂಕುಗಳಾದರೆ, ಕುಂದಗೋಳವು 1948ರವರೆಗೆ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನವಲಗುಂದ ತಾಲ್ಲೂಕಿನ ಭಾಗವಾಗಿದ್ದ ಅಣ್ಣಿಗೇರಿ ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಆದರೂ ಈ ಎಲ್ಲ ಊರುಗಳಿಗೆ ಸಮಾನವಾದ ಒಂದು ಸಂಗತಿಯಿದೆ. ಮಳೆಯನ್ನು ನಂಬಿದ ಒಕ್ಕಲುತನದ ಮನೆಯಲ್ಲಿ ದುಡಿಯುವ ವಯಸ್ಸಿನ ಮಗನನ್ನು ಪಗಾರವಿಲ್ಲದೆ ವರ್ಷಗಟ್ಟಲೆ ಪಟ್ಟಣದಲ್ಲಿಡುವುದು ಎಂದೂ ಸುಲಭವಾಗಿರಲಿಲ್ಲ.

ಮನೆಯೇ ಕಲಿಕೆಯ ಸ್ಥಳವಾಗಿದ್ದ ಕಾಲ

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಹಳ್ಳಿಯ ಬಹುತೇಕ ಕೆಲಸಗಳಿಗೆ ‘ಅನುಭವವಿದೆಯೇ’ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ಏಕೆಂದರೆ ಕೆಲಸವೂ ಅದರ ಕಲಿಕೆಯೂ ಮನೆತನದೊಳಗೇ ಸಾಗುತ್ತಿದ್ದವು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಮಾಡುವ ಮನೆಯ ಹುಡುಗ ಮರ ಕೊರೆಯುವುದನ್ನೂ ಅರಗಿನ ಬಣ್ಣ ಹಚ್ಚುವುದನ್ನೂ ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದ; ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳ ಕೈಗೆ ಆ ವಿದ್ಯೆ ಬಂದದ್ದೂ ಮನೆಯ ಮಗ್ಗದ ಮುಂದೆಯೇ. ಬರವಣಿಗೆಯ ಕೆಲಸಗಳಿಗೂ ಇದೇ ಕ್ರಮ ಅನ್ವಯವಾಗುತ್ತಿತ್ತು. ಊರಿನ ಕಂದಾಯ ಲೆಕ್ಕವನ್ನು ಬರೆಯುತ್ತಿದ್ದ ಕುಲಕರ್ಣಿಯೂ, ಊರ ಮುಖ್ಯಸ್ಥನಾದ ಗೌಡ ಅಥವಾ ಪಾಟೀಲನೂ ವತನದಾರರಾಗಿದ್ದರು. ‘ವತನ’ವೆಂದರೆ ಸರ್ಕಾರಿ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಅನುಭವಿಸುವ ಭೂಮಿ ಮತ್ತು ಹಕ್ಕು. ಕುಲಕರ್ಣಿಯ ಮಗ ಮೋಡಿ ಲಿಪಿಯನ್ನೂ ಲೆಕ್ಕದ ಕ್ರಮವನ್ನೂ ತಂದೆಯ ದಫ್ತರದ ಮುಂದೆ ಕುಳಿತು ಕಲಿಯುತ್ತಿದ್ದುದರಿಂದ, ಅವನು ಪ್ರಾಯಕ್ಕೆ ಬರುವ ವೇಳೆಗೆ ಹಲವು ವರ್ಷಗಳ ಅಭ್ಯಾಸವನ್ನು ಗಳಿಸಿಬಿಟ್ಟಿರುತ್ತಿದ್ದ.

ಈ ಕ್ರಮದಲ್ಲಿ ಕಲಿಕೆಯ ಖರ್ಚು ಬೇರೆಯಾಗಿ ಕಾಣಿಸುತ್ತಲೇ ಇರಲಿಲ್ಲ, ಅದು ಮನೆಯ ಖರ್ಚಿನಲ್ಲೇ ಅಡಗಿರುತ್ತಿತ್ತು. ಆದರೆ ಆ ಮನೆಯಲ್ಲಿ ಹುಟ್ಟದವನಿಗೆ ಆ ಕೆಲಸಕ್ಕೆ ಪ್ರವೇಶವೂ ಇರಲಿಲ್ಲ. ಬ್ರಿಟಿಷ್ ಸರ್ಕಾರ ವತನಗಳನ್ನು ಕೂಡಲೇ ಕಿತ್ತುಹಾಕದೆ 1874ರ ಮುಂಬಯಿ ವಂಶಪಾರಂಪರ್ಯ ಅಧಿಕಾರಗಳ ಕಾಯ್ದೆಯ ಮೂಲಕ ಅವುಗಳಿಗೆ ನಿಯಮ ಹಾಕಿತು. ಕ್ರಮೇಣ ಅನೇಕ ಕಡೆ ಕುಲಕರ್ಣಿಯ ಜಾಗದಲ್ಲಿ ಪಗಾರ ಪಡೆಯುವ ತಲಾಟಿ, ಅಂದರೆ ಗ್ರಾಮ ಲೆಕ್ಕಿಗ, ಬಂದ. ಕುಲಕರ್ಣಿ ವತನಗಳು 1950ರ ಮುಂಬಯಿ ಕಾಯ್ದೆಯಿಂದಲೂ, ಉಳಿದ ಗ್ರಾಮಾಧಿಕಾರಗಳು 1961ರ ರದ್ದತಿ ಕಾಯ್ದೆಯಿಂದಲೂ ಕೊನೆಗೊಂಡವು. ಹುಟ್ಟಿನಿಂದ ಬರುತ್ತಿದ್ದ ನೌಕರಿ ಕಲಿಕೆಯಿಂದ ಬರುವಂಥದ್ದಾಗಲು ಹೀಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು, ಆ ನಡುಗಾಲದಲ್ಲಿ ಹಳ್ಳಿಯ ಓದಿದ ಹುಡುಗರು ಬೇರೆ ಬೇರೆ ದಾರಿಗಳನ್ನು ಹುಡುಕಬೇಕಾಯಿತು.

ಕಚೇರಿಯಲ್ಲಿ ಉಮೇದವಾರರು

ಆ ದಾರಿಗಳಲ್ಲಿ ಹಳೆಯದು ಉಮೇದವಾರಿ. ಇಂದು ಚುನಾವಣೆಗೆ ನಾಮಪತ್ರ ಸಲ್ಲಿಸುವ ಸಂದರ್ಭದಲ್ಲಿ ಮಾತ್ರ ಕೇಳಿಬರುವ ಈ ಶಬ್ದ ಅಂದಿನ ಮುಂಬಯಿ ಪ್ರಾಂತದಲ್ಲಿ, ನೌಕರಿ ಸಿಗುವ ಆಸೆಯಿಂದ ಸರ್ಕಾರಿ ಕಚೇರಿಯಲ್ಲಿ ಪಗಾರವಿಲ್ಲದೆ ದುಡಿಯುವ ಪದ್ಧತಿಗೆ ಸಲ್ಲುತ್ತಿತ್ತು. ತಾಲ್ಲೂಕಿನ ಮುಖ್ಯಾಧಿಕಾರಿಯಾದ ಮಾಮಲೇದಾರನ ಕಚೇರಿಯಲ್ಲಿ ಅವ್ವಲ ಕಾರಕೂನನೆಂಬ ಹಿರಿಯ ಗುಮಾಸ್ತ, ಅವನ ಕೈಕೆಳಗೆ ಕೆಲವು ಕಾರಕೂನರು, ಅವರ ಸುತ್ತ ಕೆಲವು ಉಮೇದವಾರರು ಇರುತ್ತಿದ್ದರು. ಅರ್ಜಿಗಳನ್ನು ನಕಲು ಮಾಡುವುದು, ಪಹಣಿಯ ತಖ್ತೆಗಳನ್ನು ಗೆರೆ ಹೊಡೆದು ಸಿದ್ಧಪಡಿಸುವುದು, ಜಮಾಬಂದಿಯ ಕಾಲದಲ್ಲಿ, ಅಂದರೆ ವರ್ಷದ ಕಂದಾಯ ಲೆಕ್ಕವನ್ನು ಮುಗಿಸುವ ಕಾಲದಲ್ಲಿ, ರಾತ್ರಿಯವರೆಗೆ ಕುಳಿತು ಅಂಕಿಗಳನ್ನು ತಾಳೆ ನೋಡುವುದು ಅವರ ಪಾಲಿಗೆ ಬರುವಂಥ ಕೆಲಸಗಳಾಗಿದ್ದವು. ಕಾರಕೂನನೊಬ್ಬ ರಜೆಯ ಮೇಲೆ ಹೋದಾಗ ಹಂಗಾಮಿಯಾಗಿ, ಅಂದರೆ ತಾತ್ಕಾಲಿಕವಾಗಿ, ಅವನ ಜಾಗದಲ್ಲಿ ಕೂಡುವ ಅವಕಾಶ ಸಿಗುವುದು ಉಮೇದವಾರನ ಮೊದಲ ಆಸೆ. ಜಾಗ ಖಾಲಿಯಾದಾಗ ಕಾಯಂ ಆಗುವುದು ಕೊನೆಯ ಆಸೆ.

ಉಮೇದವಾರಿಗೆ ಒಂದು ಸದ್ಗುಣವಿತ್ತು: ಕಚೇರಿಯ ಕೆಲಸವನ್ನು ಅದು ನಿಜವಾಗಿಯೂ ಕಲಿಸುತ್ತಿತ್ತು. ಆದರೆ ಆ ಕಲಿಕೆಯ ಪೂರ್ತಿ ಖರ್ಚನ್ನು ಉಮೇದವಾರನ ಮನೆಯೇ ಹೊರಬೇಕಾಗಿದ್ದುದರಿಂದ, ತಾಲ್ಲೂಕಿನ ಊರಿನಲ್ಲಿ ಸ್ವಂತ ಮನೆಯೋ ಹತ್ತಿರದ ನಂಟರೋ ಇದ್ದವರಿಗೆ, ಕಚೇರಿಯಲ್ಲಿ ಈಗಾಗಲೇ ಕೆಲಸದಲ್ಲಿದ್ದವರ ಮಕ್ಕಳಿಗೆ ಮತ್ತು ಅಳಿಯಂದಿರಿಗೆ ಮಾತ್ರ ಅದು ಎಟುಕುತ್ತಿತ್ತು. ವಶೀಲಿ, ಅಂದರೆ ಒಳಗಿನವರ ಶಿಫಾರಸು, ಇಲ್ಲದವನಿಗೆ ಉಮೇದವಾರನಾಗಿ ಕೂಡಲು ಜಾಗವೂ ಸಿಗುತ್ತಿರಲಿಲ್ಲ. ಲಿಂಗಾಯತ, ಕುರುಬ ಮುಂತಾದ ಒಕ್ಕಲು ಮನೆತನಗಳ ಹುಡುಗರು ಬಹುಕಾಲ ಕಚೇರಿಗಳಲ್ಲಿ ವಿರಳವಾಗಿದ್ದುದಕ್ಕೂ, ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯದವರು ಅಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲವೆನ್ನುವಂತಿದ್ದುದಕ್ಕೂ ಶಾಲೆಯ ಕೊರತೆಯಷ್ಟೇ ಈ ಪಗಾರವಿಲ್ಲದ ಕಾಯುವಿಕೆಯೂ ಕಾರಣವಾಗಿತ್ತು. ಕೆಲಸ ಕಲಿಸುವ ಹೆಸರಿನಲ್ಲಿ ನಡೆಯುತ್ತಿದ್ದ ಆಯ್ಕೆ ವಾಸ್ತವದಲ್ಲಿ ಕಾಯಬಲ್ಲವರ ಆಯ್ಕೆಯಾಗಿತ್ತು ಎಂಬುದನ್ನು ಗುರುತಿಸದೆ ಮುಂದಿನ ಬದಲಾವಣೆಯ ಬೆಲೆ ತಿಳಿಯುವುದಿಲ್ಲ.

ಮುಲ್ಕಿ ಪರೀಕ್ಷೆ ಮತ್ತು ಟ್ರೇನಿಂಗ್ ಕಾಲೇಜು

ಆ ಬದಲಾವಣೆ ಶಾಲೆಯ ಕಡೆಯಿಂದ ಬಂತು. 1860ರ ದಶಕದಲ್ಲಿ ಮುಂಬಯಿ ಸರ್ಕಾರವು ಭೂಕಂದಾಯದ ಪ್ರತಿಯೊಂದು ರೂಪಾಯಿಗೆ 1 ಆಣೆಯಂತೆ ಹೆಚ್ಚುವರಿ ಕರವನ್ನು ವಿಧಿಸಿ, ಅದರ ಮೂರನೆಯ ಒಂದು ಪಾಲನ್ನು ಹಳ್ಳಿಗಳ ಶಾಲೆಗಳಿಗೂ ಉಳಿದುದನ್ನು ರಸ್ತೆ ಮೊದಲಾದ ಕಾಮಗಾರಿಗಳಿಗೂ ಮೀಸಲಿಟ್ಟಿತು. ನವಲಗುಂದದ ಎರೆಹೊಲದ ಒಕ್ಕಲಿಗನೂ ಕಲಘಟಗಿಯ ಭತ್ತದ ಗದ್ದೆಯವನೂ ಕೊಟ್ಟ ಈ ಆಣೆಗಳೇ ಹಳೆಯ ಗಾವಠಿ ಶಾಲೆಗಳ, ಅಂದರೆ ಐಗಳು ತಮ್ಮ ಮನೆಯಲ್ಲೋ ಮಠದಲ್ಲೋ ನಡೆಸುತ್ತಿದ್ದ ಊರ ಶಾಲೆಗಳ, ಜೊತೆಯಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಹರಡಲು ನೆರವಾದವು. ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಪ್ರಮುಖರು. ಶಿಕ್ಷಕರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿಯೂ, ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೂ ಅವರು ಸಲ್ಲಿಸಿದ ಸೇವೆಯ ಗುರುತಾಗಿ ಆ ಹುದ್ದೆಯ ಹೆಸರೇ ಅವರ ಹೆಸರಿನೊಡನೆ ಸೇರಿಕೊಂಡಿದೆ.

ಕನ್ನಡ ಶಾಲೆಯ ಕೊನೆಯ ತರಗತಿಯ ಪರೀಕ್ಷೆಯೇ ಮುಲ್ಕಿ. ಸರ್ಕಾರಿ ಚಾಕರಿಗೆ ಅರ್ಹತೆಯನ್ನು ಕೊಡುತ್ತಿದ್ದ ಈ ಪರೀಕ್ಷೆಯಲ್ಲಿ ಉತ್ತೀರ್ಣನಾದ ಹುಡುಗ ಕನ್ನಡ ಶಾಲೆಯ ಮಾಸ್ತರನೋ, ತಲಾಟಿಯೋ, ಕಚೇರಿಯ ಕೆಳದರ್ಜೆಯ ನೌಕರನೋ ಆಗಬಹುದಾಗಿತ್ತು; ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಮುಲ್ಕಿ ಪಾಸಾದವರು’ ಎಂಬ ಮಾತು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಗೌರವದ ಬಿರುದಾಗಿ ಉಳಿದಿತ್ತು. ಪರೀಕ್ಷೆಯ ಮಹತ್ವವಿದ್ದುದು ಅದು ಅಳೆಯುತ್ತಿದ್ದ ಜ್ಞಾನದಲ್ಲಿ ಮಾತ್ರವಲ್ಲ. ಕಚೇರಿಯಲ್ಲಿ ವರ್ಷಗಟ್ಟಲೆ ಕಾದು ತೋರಿಸಬೇಕಾಗಿದ್ದ ಯೋಗ್ಯತೆಯನ್ನು ಹಳ್ಳಿಯ ಹುಡುಗ ಇನ್ನು ಮುಂದೆ ಕಾಗದದ ಮೇಲೆ ತೋರಿಸಬಹುದಾಗಿತ್ತು, ಅದಕ್ಕಾಗಿ ಅವನು ಯಾರ ನಂಟನೂ ಆಗಿರಬೇಕಾಗಿರಲಿಲ್ಲ.

ಪರೀಕ್ಷೆ ಬಾಗಿಲು ತೆರೆದರೆ, ಒಳಗೆ ಬಂದವನಿಗೆ ಕೆಲಸ ಕಲಿಸಿದ್ದು ಮುಂದೆ ಟ್ರೇನಿಂಗ್ ಕಾಲೇಜೆಂದು ಪ್ರಸಿದ್ಧವಾದ ಧಾರವಾಡದ ಶಿಕ್ಷಕರ ಶಾಲೆ. ಮುಲ್ಕಿ ಪಾಸಾದವನು ಮೊದಲು ತರಬೇತಿಯಿಲ್ಲದ ಸಹಾಯಕ ಶಿಕ್ಷಕನಾಗಿ ಯಾವುದಾದರೊಂದು ಹಳ್ಳಿಯ ಶಾಲೆಯಲ್ಲಿ ನಿಲ್ಲುತ್ತಿದ್ದ. ಅನಂತರ ಇಲಾಖೆ ಅವನನ್ನು ಶಿಷ್ಯವೇತನ ಕೊಟ್ಟು ಟ್ರೇನಿಂಗಿಗೆ ಕಳುಹಿಸುತ್ತಿತ್ತು, ಅದಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ಸೇವೆ ಸಲ್ಲಿಸುವ ಕರಾರನ್ನು ಅವನು ಬರೆದುಕೊಡುತ್ತಿದ್ದ. ಕಾಲೇಜಿಗೆ ಹೊಂದಿಕೊಂಡ ಶಾಲೆಯಲ್ಲಿ ಮಕ್ಕಳ ಮುಂದೆ ನಿಂತು ಪಾಠ ಮಾಡುವುದು, ಹಿರಿಯ ಶಿಕ್ಷಕರು ಅದನ್ನು ತಿದ್ದುವುದು ಈ ಕಲಿಕೆಯ ಮುಖ್ಯಭಾಗವಾಗಿತ್ತು. ದೂರದ ಹಳ್ಳಿಗಳಲ್ಲಿ ಒಂಟಿಯಾಗಿ ಶಾಲೆ ನಡೆಸುವ ಶಿಕ್ಷಕರಿಗೆ ನೆರವಾಗಲೆಂದು 1865ರಲ್ಲಿ ‘ಮಠಪತ್ರಿಕೆ’ ಎಂಬ ನಿಯತಕಾಲಿಕವೂ ಆರಂಭವಾಯಿತು. ಹೆಣ್ಣುಮಕ್ಕಳಿಗೂ ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜು ತೆರೆದ ಮೇಲೆ, ಬೇರೆ ಯಾವ ಕಚೇರಿಯೂ ಮಹಿಳೆಯರನ್ನು ಬರಮಾಡಿಕೊಳ್ಳದ ಕಾಲದಲ್ಲಿ ಶಿಕ್ಷಕಿಯ ಹುದ್ದೆಯೇ ಅನೇಕ ಮನೆಗಳ ಹೆಣ್ಣುಮಕ್ಕಳ ಮೊದಲ ನೌಕರಿಯಾಯಿತು.

ಇಲ್ಲಿ ಕಲಿಕೆಯ ಖರ್ಚನ್ನು ಹೊತ್ತದ್ದು ಸಾರ್ವಜನಿಕ ಹಣ. ಪರಿಣಾಮವಾಗಿ ಹಿಂದೆ ಕಚೇರಿಯ ಮೆಟ್ಟಿಲನ್ನೂ ಹತ್ತದಿದ್ದ ಒಕ್ಕಲು ಮನೆತನಗಳ, ನೇಕಾರರ, ಬಡಿಗೇರ ಮತ್ತು ಕಂಬಾರರ ಮನೆಗಳ ಮಕ್ಕಳು ಮಾಸ್ತರರಾಗಿ ಊರೂರುಗಳಿಗೆ ಹೋದರು. ಈ ಸೀಮೆಯ ಹಳ್ಳಿಗಳಲ್ಲಿ ನೌಕರಿಯೆಂಬುದು ಮನೆತನದ ಸೊತ್ತಾಗಿ ಉಳಿಯದೆ ಓದಿನ ಫಲವೂ ಆಗಬಲ್ಲದೆಂಬ ನಂಬಿಕೆಯನ್ನು ಬೇರೂರಿಸಿದವರು ಈ ಮುಲ್ಕಿ ಮಾಸ್ತರರೇ.

ಅಡತಿ ಅಂಗಡಿ, ಜಿನ್ನು, ರೈಲು

ಸರ್ಕಾರದ ಹೊರಗೂ ಮೊದಲ ಕೆಲಸದ ಕೆಲವು ನೆಲೆಗಳಿದ್ದವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಅಪಾರ ಬೇಡಿಕೆ ಬಂದಿತು. ಮುಂದೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳೂ, ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಸಿಕೊಡುವ ಅಡತಿ ಅಂಗಡಿಗಳೂ ಹುಬ್ಬಳ್ಳಿಯಲ್ಲಷ್ಟೇ ಅಲ್ಲದೆ ಸುತ್ತಲಿನ ಊರುಗಳಲ್ಲೂ ಬೆಳೆದವು. ಅಡತಿ ಅಂಗಡಿಗೆ ಸೇರುವ ಹುಡುಗ ಮೊದಲು ಗಾದಿ ಹಾಸುವುದು, ಚೀಟಿ ಒಯ್ಯುವುದು ಮುಂತಾದ ಕೆಲಸ ಮಾಡಿ, ಅನಂತರ ತೂಕದ ಚೀಟಿ ಬರೆಯಲು, ಕೊನೆಗೆ ಕಿರ್ದಿ ಮತ್ತು ಖಾತೆ, ಅಂದರೆ ದಿನದ ಜಮಾಖರ್ಚಿನ ಪುಸ್ತಕ ಹಾಗೂ ಗಿರಾಕಿವಾರು ಲೆಕ್ಕದ ಪುಸ್ತಕ, ಬರೆಯಲು ಕಲಿತು ಗುಮಾಸ್ತನಾಗುತ್ತಿದ್ದ. ಇದೂ ಒಂದು ಬಗೆಯ ಉಮೇದವಾರಿಯೇ ಆದರೂ, ಮಾಲಕನ ಮನೆಯಲ್ಲಿ ಊಟವೋ ಹಬ್ಬಕ್ಕೆ ಬಟ್ಟೆಯೋ ದೊರೆಯುತ್ತಿದ್ದುದರಿಂದ ಖರ್ಚಿನ ಒಂದಂಶವಾದರೂ ಕೆಲಸ ಕೊಟ್ಟವನ ಮೇಲೆ ಬೀಳುತ್ತಿತ್ತು.

ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಈ ಭಾಗದಲ್ಲಿ ಹಳಿ ಹಾಸಿ, 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಖಾನೆ ತೆರೆದ ಮೇಲೆ ಇನ್ನೊಂದು ದಾರಿ ಹುಟ್ಟಿತು. ಹುಬ್ಬಳ್ಳಿ–ಗದಗ ಮಾರ್ಗದ ಮೇಲಿನ ಅಣ್ಣಿಗೇರಿಗೂ, ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ಮಾರ್ಗದ ಮೇಲಿನ ಕುಂದಗೋಳಕ್ಕೂ ನಿಲ್ದಾಣಗಳು ಬಂದು ಪಟ್ಟಣದ ದುಡಿಮೆ ಹತ್ತಿರವಾಯಿತು, ನವಲಗುಂದ ಮತ್ತು ಕಲಘಟಗಿ ರೈಲಿನಿಂದ ದೂರವೇ ಉಳಿದವು. ಓದು ಬಲ್ಲವರಿಗೆ ಊರಿನಲ್ಲಿಯೇ ಸಿಗಬಹುದಾಗಿದ್ದ ಮತ್ತೊಂದು ಹೊಸ ಕೆಲಸವೆಂದರೆ ಸಹಕಾರ ಸಂಘದ ಕಾರ್ಯದರ್ಶಿಯದು. ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಕೃಷಿ ಪತ್ತಿನ ಸಂಘದ ಮಾದರಿ ಸುತ್ತಲಿನ ಹಳ್ಳಿಗಳಿಗೆ ಹರಡಿದಂತೆ, ಲೆಕ್ಕ ಬರೆಯಬಲ್ಲ ಊರ ಹುಡುಗನಿಗೆ ಊರು ಬಿಡದೆ ಅನುಭವ ಗಳಿಸುವ ಅವಕಾಶ ಮೂಡಿತು.

ಪದವೀಧರರು ಬಂದ ಮೇಲೆ

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದರೂ ಕನ್ನಡದ ಈ ಜಿಲ್ಲೆಗಳಲ್ಲಿ ಕಾಲೇಜು ಇರಲಿಲ್ಲ, ಬಿ.ಎ. ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ರೊದ್ದ ಶ್ರೀನಿವಾಸರಾಯರು ಮೊದಲಾದವರು ಹಣ ಕೂಡಿಸಿ ಪಟ್ಟ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿದ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿ ಮದ್ರಾಸಿಗೆ ಹೋದುದರಿಂದ ತೆರವಾದ ಕಟ್ಟಡವೇ ಮುಂದೆ ಈ ಕಾಲೇಜಿನ ನೆಲೆಯಾಯಿತು. ಪದವೀಧರರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಪದವಿಯೇ ಅನುಭವದ ಸ್ಥಾನವನ್ನು ತುಂಬುತ್ತಿತ್ತು. ದ.ರಾ. ಬೇಂದ್ರೆಯವರು 1918ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಮುಗಿಸಿ ಅದೇ ವರ್ಷ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದುದು ಅಂದಿನ ರೂಢಿಗೆ ಒಪ್ಪುವಂಥದ್ದೇ ಆಗಿತ್ತು.

ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದಿ ಮುಗಿಸುವಂತೆ ಮಾಡಿದ್ದರಲ್ಲಿ ಸಮುದಾಯದ ಪಾಲೂ ದೊಡ್ಡದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿ ಬ್ರಾಹ್ಮಣ ವಿದ್ಯಾರ್ಥಿಗಳನ್ನು ಸಲಹಿದರೆ, ಧಾರವಾಡದ ಮುರುಘಾಮಠ ಮತ್ತು ಹುಬ್ಬಳ್ಳಿಯ ಮೂರುಸಾವಿರಮಠದಂಥ ಮಠಗಳ ಉಚಿತ ಪ್ರಸಾದನಿಲಯಗಳು ಒಕ್ಕಲು ಮನೆಗಳ ಸಾವಿರಾರು ಮಕ್ಕಳಿಗೆ ಅನ್ನ ಮತ್ತು ನೆರಳು ಕೊಟ್ಟವು. 1947ರಲ್ಲಿ ಹುಬ್ಬಳ್ಳಿಯಲ್ಲಿ ವಾಣಿಜ್ಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳೂ ಧಾರವಾಡದಲ್ಲಿ ಕೃಷಿ ಕಾಲೇಜೂ ತೆರೆದವು; 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ತಾಲ್ಲೂಕು ಊರುಗಳಿಗೂ ಪದವಿ ಕಾಲೇಜುಗಳು ಬಂದು, ಪದವಿ ಮನೆಯ ಬಾಗಿಲಿಗೇ ಸಿಗುವಂತಾಯಿತು. ಆದರೆ ಪ್ರಸಾದನಿಲಯದ ನೆರವು ಓದಿನೊಡನೆ ಮುಗಿಯುತ್ತಿತ್ತು. ಪದವಿಗೂ ಮೊದಲ ಪಗಾರಕ್ಕೂ ನಡುವಿನ ಕಾಲಕ್ಕೆ ಅಂಥ ಆಶ್ರಯ ಇರಲಿಲ್ಲ, ಪದವೀಧರರ ಸಂಖ್ಯೆ ಬೆಳೆದಷ್ಟೂ ಆ ಕಾಲ ಉದ್ದವಾಗತೊಡಗಿತು.

ಎಂಪ್ಲಾಯ್‌ಮೆಂಟ್ ಕಾರ್ಡು ಮತ್ತು ದಿನಗೂಲಿ

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನೌಕರಿ ಹುಡುಕುವವರ ದೃಷ್ಟಿ ಮುಂಬಯಿ, ಪುಣೆಗಳಿಂದ ಬೆಂಗಳೂರಿನ ಕಡೆಗೆ ತಿರುಗಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಕೆಲಸ ಒದಗಿಸಲೆಂದು 1945ರಲ್ಲಿ ಹುಟ್ಟಿ, ಆಮೇಲೆ ಎಲ್ಲರಿಗೂ ತೆರೆದುಕೊಂಡಿದ್ದ ಉದ್ಯೋಗ ವಿನಿಮಯ ಕಚೇರಿಗಳ ಆಡಳಿತವೂ ಅದೇ ದಿನ ರಾಜ್ಯಗಳಿಗೆ ವರ್ಗವಾಯಿತು. 1959ರ ಕಾಯ್ದೆ ಸಂಸ್ಥೆಗಳು ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ಈ ಕಚೇರಿಗಳಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿದ ಮೇಲೆ, ಹೆಸರು ನೋಂದಾಯಿಸಿ ಕಾರ್ಡು ಪಡೆದು, ಕಾಲಕಾಲಕ್ಕೆ ಅದನ್ನು ನವೀಕರಿಸಿ, ಹಿರಿತನದ ಸರದಿ ಬರುವವರೆಗೆ ಕಾಯುವುದು ಹಳ್ಳಿಯ ಪದವೀಧರರ ಬದುಕಿನ ಭಾಗವಾಯಿತು. ಕಾರ್ಡಿನ ವ್ಯವಸ್ಥೆ ವಶೀಲಿಯನ್ನು ತಗ್ಗಿಸಲು ಉದ್ದೇಶಿಸಿದ್ದಾಗಿತ್ತು, ಆದರೆ ಕಾಯುವ ಕಾಲದಲ್ಲಿ ಕೆಲಸ ಕಲಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಕಚೇರಿ ಕಳುಹಿಸಿದ ಹೆಸರುಗಳಿಗಷ್ಟೇ ನೇಮಕಾತಿ ಸೀಮಿತವಾಗದೆ ಪತ್ರಿಕಾ ಪ್ರಕಟಣೆಯ ಮೂಲಕವೂ ಅರ್ಜಿ ಕರೆಯಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಕಾರ್ಡಿನ ಮಹತ್ವವೂ ಇಳಿಯಿತು.

ಹೀಗೆ ಕಾಯುತ್ತಿದ್ದವರಲ್ಲಿ ಅನೇಕರು ಲೋಕೋಪಯೋಗಿ, ನೀರಾವರಿ ಮುಂತಾದ ಇಲಾಖೆಗಳ ಕಚೇರಿಗಳಲ್ಲಿ ದಿನಗೂಲಿಯ ಮೇಲೆ ಗುಮಾಸ್ತರ ಕೆಲಸಕ್ಕೆ ಸೇರಿದರು. ಉಮೇದವಾರಿ ಬೇರೊಂದು ರೂಪದಲ್ಲಿ ಮರಳಿತ್ತು. ದಿನದ ಕೂಲಿ ಸಿಗುತ್ತಿದ್ದರೂ ಹುದ್ದೆಯ ಭದ್ರತೆ, ರಜೆ, ವೇತನಶ್ರೇಣಿ ಯಾವುದೂ ಇರಲಿಲ್ಲ. ಒಂದಿಲ್ಲೊಂದು ದಿನ ಕಾಯಂ ಆಗುವ ಆಸೆಯಲ್ಲಿ ವರ್ಷಗಳು ಉರುಳುತ್ತಿದ್ದವು. ಈ ಅನ್ಯಾಯವನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಒಯ್ದವರು ಇದೇ ಜಿಲ್ಲೆಯವರು. ಧಾರವಾಡ ಜಿಲ್ಲಾ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ದಾವೆಯಲ್ಲಿ 1990ರ ಫೆಬ್ರುವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ರಾಜ್ಯದಾದ್ಯಂತದ ದಿನಗೂಲಿ ನೌಕರರಿಗೆ ಅನ್ವಯಿಸುವ ಯೋಜನೆಯೊಂದನ್ನು ರೂಪಿಸಿ, 1989ರ ಡಿಸೆಂಬರ್ 31ಕ್ಕೆ ಹತ್ತು ವರ್ಷ ಸೇವೆ ಪೂರೈಸಿದವರಲ್ಲಿ 18,600 ಮಂದಿಯನ್ನು 1990ರ ಜನವರಿ 1ರಿಂದಲೇ ಕಾಯಂಗೊಳಿಸಬೇಕೆಂದು ಆದೇಶಿಸಿತು. ಓದಿದವರ ಅಗ್ಗದ ದುಡಿಮೆಯಿಂದ ಸರ್ಕಾರ ಲಾಭ ಪಡೆಯುವುದು ಸಂವಿಧಾನದ ಆಶಯಕ್ಕೆ ಒಪ್ಪುವುದಿಲ್ಲವೆಂಬ ತಿಳಿವಳಿಕೆ ಆ ತೀರ್ಪಿನ ತಿರುಳು.

ಆದರೆ ಈ ಹಿಂಬಾಗಿಲು ಬಹುಕಾಲ ತೆರೆದಿರಲಿಲ್ಲ. 2006ರ ಏಪ್ರಿಲ್ 10ರಂದು ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ನಿಯಮಬದ್ಧ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಮಾತಿಯ ಹಕ್ಕಿಲ್ಲವೆಂದು ಸಾರಿತು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದ ಅರ್ಹರಿಗೆ ಒಂದು ಬಾರಿಯ ಅವಕಾಶವನ್ನಷ್ಟೇ ಉಳಿಸಿತು. ಹೊರಗಿದ್ದ ಲಕ್ಷಾಂತರ ನಿರುದ್ಯೋಗಿಗಳಿಗೂ ಸಮಾನ ಅವಕಾಶ ಸಿಗಬೇಕೆಂಬುದು ಈ ತೀರ್ಪಿನ ನ್ಯಾಯ. ಎರಡೂ ತೀರ್ಪುಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯಾದುದನ್ನೇ ಹೇಳಿದವು. ಆದರೆ ಹೊಸಬನು ಕೆಲಸ ಕಲಿಯುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರಿಸುವುದು ನ್ಯಾಯಾಲಯದ ಕೆಲಸವಾಗಿರಲಿಲ್ಲ, ಅದಕ್ಕೆ ಉತ್ತರಿಸಬೇಕಾಗಿದ್ದ ಆಡಳಿತವೂ ಅದನ್ನು ಪೂರ್ತಿಯಾಗಿ ಕೈಗೆತ್ತಿಕೊಳ್ಳಲಿಲ್ಲ.

ಈ ಅವಧಿಯಲ್ಲಿ ಹಳ್ಳಿಯ ಮಕ್ಕಳಿಗೆ ಅನುಭವ ಕೇಳದೆ ಬಾಗಿಲು ತೆರೆದ ಎರಡು ವ್ಯವಸ್ಥೆಗಳನ್ನು ನೆನೆಯಬೇಕು. 1976ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳಲ್ಲಿ ಊರಿನ ಭಾಷೆ, ಬೆಳೆ, ಜನರ ಪರಿಚಯವೇ ಬೆಲೆಯುಳ್ಳ ತಿಳಿವಳಿಕೆಯಾಗಿತ್ತು. ಇನ್ನೊಂದು ಟಿ.ಸಿ.ಎಚ್., ಅಂದರೆ ಪ್ರಾಥಮಿಕ ಶಿಕ್ಷಕರ ಎರಡು ವರ್ಷದ ತರಬೇತಿ. 1990ರ ದಶಕದ ನಡುವಿನಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಅಂಕಗಳ ಆಧಾರದ ಮೇಲೆ, ಸಂದರ್ಶನದ ಹಂಗಿಲ್ಲದೆ, ದೊಡ್ಡ ಪ್ರಮಾಣದಲ್ಲಿ ನಡೆದ ಶಿಕ್ಷಕರ ನೇಮಕಾತಿ, ವಶೀಲಿಯಿಲ್ಲದ ಮನೆಗಳಿಗೂ ಸರ್ಕಾರಿ ಪಗಾರವನ್ನು ತಲುಪಿಸಿತು. ಮುಲ್ಕಿ ಮತ್ತು ಟ್ರೇನಿಂಗ್ ಕಾಲೇಜುಗಳ ಹಳೆಯ ಜೋಡಿ ಹೊಸ ಹೆಸರಿನಲ್ಲಿ ಮತ್ತೊಮ್ಮೆ ಕೆಲಸ ಮಾಡಿತೆಂದು ಇದನ್ನು ಬಗೆಯಬಹುದು.

ಸಪ್ತಾಪುರದ ಕಾಯುವಿಕೆ

ಇಂದಿನ ಪದವೀಧರನ ಕಾಯುವಿಕೆ ಕಚೇರಿಯಿಂದ ಕೋಚಿಂಗ್ ಕ್ಲಾಸಿಗೆ ಸ್ಥಳಾಂತರಗೊಂಡಿದೆ. ಧಾರವಾಡದ ಸಪ್ತಾಪುರ ಮತ್ತು ಸುತ್ತಲಿನ ಬಡಾವಣೆಗಳು ರಾಜ್ಯದ ಹಲವು ಜಿಲ್ಲೆಗಳಿಂದ ಬರುವ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳ ನೆಲೆಯಾಗಿವೆ. ಬಾಡಿಗೆ ಕೋಣೆ, ಖಾನಾವಳಿ, ದಿನವಿಡೀ ತೆರೆದಿರುವ ಓದುಕೋಣೆಗಳ ಸುತ್ತ ಒಂದು ಆರ್ಥಿಕತೆಯೇ ಬೆಳೆದಿದೆ. ಹಿಂದೆ ಪಿಯುಸಿ ಅಂಕಗಳ ಮೇಲೆ ತುಂಬುತ್ತಿದ್ದ ಗ್ರಾಮ ಲೆಕ್ಕಿಗರ ಹುದ್ದೆಗೂ 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರಿನೊಡನೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ನೇಮಕಾತಿಗಳು ತಡವಾದಾಗ ಈ ಪರೀಕ್ಷಾರ್ಥಿಗಳು 2025ರಲ್ಲಿ ಧಾರವಾಡದ ಬೀದಿಗಿಳಿದು ಪ್ರತಿಭಟಿಸಿದರು. ಉಮೇದವಾರನ ಕಾಯುವಿಕೆಯಲ್ಲಿ ಕೆಲಸದ ಕಲಿಕೆಯಾದರೂ ಇತ್ತು. ಪರೀಕ್ಷೆಯಿಂದ ಪರೀಕ್ಷೆಗೆ ಕಳೆಯುವ ಇಂದಿನ ವರ್ಷಗಳು, ಆಯ್ಕೆಯಾಗದವನಿಗೆ ಯಾವ ಕೆಲಸದ ಅನುಭವವನ್ನೂ ಕೊಡದೆ ಹೋಗುತ್ತವೆ. ಅವುಗಳ ಖರ್ಚು ಮತ್ತೆ ಹೊಲದ ಮೇಲೆಯೇ, ತಂದೆತಾಯಿಗಳ ಸಾಲದ ಮೇಲೆಯೇ ಬೀಳುತ್ತದೆ.

ಇದಕ್ಕೆ ಪರಿಹಾರವಾಗಬಲ್ಲ ಕಾನೂನು ಇಲ್ಲದಿಲ್ಲ. ಕೆಲಸದ ಸ್ಥಳದಲ್ಲೇ ಶಿಷ್ಯವೇತನದೊಡನೆ ಕಲಿಸುವ ಅಪ್ರೆಂಟಿಸ್ ಪದ್ಧತಿಗೆ 1961ರಲ್ಲೇ ಕಾಯ್ದೆ ಬಂತು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ, 2014ರ ತಿದ್ದುಪಡಿ ಕಲೆ ಮತ್ತು ವಾಣಿಜ್ಯದಂಥ ಇತರ ಪದವೀಧರರನ್ನೂ ಅದರೊಳಗೆ ತಂದವು. ಕರ್ನಾಟಕ ಸರ್ಕಾರ 2024ರ ಜನವರಿಯಿಂದ ಜಾರಿಗೆ ತಂದ ಯುವನಿಧಿ ಯೋಜನೆ ಕೆಲಸ ಸಿಗದ ಹೊಸ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನೂ ಗರಿಷ್ಠ ಎರಡು ವರ್ಷ ಕೊಡುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಇಂಟರ್ನ್‌ಶಿಪ್ ಯೋಜನೆ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಕಲಿಯುವವರಿಗೆ ತಿಂಗಳಿಗೆ 5,000 ರೂಪಾಯಿ ನಿಗದಿಪಡಿಸಿತು. ಕಾಯುವ ಕಾಲಕ್ಕೂ ಬೆಲೆಯಿದೆ, ಅದನ್ನು ಮನೆಯೊಂದೇ ಹೊರಬಾರದು ಎಂಬ ತತ್ತ್ವವನ್ನು ಈ ಯೋಜನೆಗಳು ಒಪ್ಪಿಕೊಂಡಿವೆ, ಇದು ಸಣ್ಣ ಸಂಗತಿಯಲ್ಲ. ಆದರೆ ಒಂದರಲ್ಲಿ ಹಣವಿದ್ದು ಕೆಲಸದ ಕಲಿಕೆಯಿಲ್ಲ, ಇನ್ನೊಂದರಲ್ಲಿ ಕಲಿಕೆಯಿದ್ದರೂ ಅದು ದೊಡ್ಡ ಕಂಪನಿಗಳಿರುವ ಪಟ್ಟಣಗಳಿಗೆ ಕಟ್ಟುಬಿದ್ದಿದೆ. ನವಲಗುಂದದ ಅಥವಾ ಕಲಘಟಗಿಯ ಹಳ್ಳಿಯ ಹುಡುಗಿಗೆ ಆ ಶಿಷ್ಯವೇತನ ಬೆಂಗಳೂರಿನ ಕೋಣೆಯ ಬಾಡಿಗೆಗೂ ಸಾಲದು.

ಈ ಎರಡು ಶತಮಾನಗಳಿಂದ ತಿಳಿಯುವ ಪಾಠ ಒಂದೇ ದಿಕ್ಕಿಗೆ ಕೈಮಾಡುತ್ತದೆ. ವತನ, ಉಮೇದವಾರಿ, ದಿನಗೂಲಿ, ಕೋಚಿಂಗ್ ಎಂಬ ನಾಲ್ಕೂ ಪದ್ಧತಿಗಳಲ್ಲಿ ಕಲಿಕೆಯ ಅಥವಾ ಕಾಯುವಿಕೆಯ ಹೊರೆ ವ್ಯಕ್ತಿಯ ಮೇಲೂ ಅವನ ಮನೆಯ ಮೇಲೂ ಬಿದ್ದಿತು, ಆಗೆಲ್ಲ ಹಳ್ಳಿಯ ಬಡವರು ಹಿಂದೆ ಉಳಿದರು. ಟ್ರೇನಿಂಗ್ ಕಾಲೇಜಿನ ಶಿಷ್ಯವೇತನ, ಮಠಗಳ ಪ್ರಸಾದನಿಲಯ, ಅಂಕಗಳ ಮೇಲಿನ ಶಿಕ್ಷಕರ ನೇಮಕಾತಿ, ಗ್ರಾಮೀಣ ಬ್ಯಾಂಕು ಇವುಗಳಲ್ಲಿ ಆ ಹೊರೆಯನ್ನು ಸಮಾಜವೋ ಸಂಸ್ಥೆಯೋ ಹಂಚಿಕೊಂಡಿತು, ಆಗ ಅದೇ ಹಳ್ಳಿಗಳು ಸಮರ್ಥ ನೌಕರರನ್ನು ನಾಡಿಗೆ ಕೊಟ್ಟವು. ಆದ್ದರಿಂದ ತಾಲ್ಲೂಕಿನ ಆಸ್ಪತ್ರೆ, ಎಪಿಎಂಸಿ, ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಗ್ರಂಥಾಲಯ ಮತ್ತು ಬ್ಯಾಂಕ್ ಶಾಖೆಗಳಲ್ಲಿ, ಅಲ್ಲಿನ ಸರ್ಕಾರಿ ಕಾಲೇಜುಗಳ ಪದವೀಧರರಿಗೆ ಒಂದು ವರ್ಷದ ಶಿಷ್ಯವೇತನಸಹಿತ ಕಲಿಕೆಯನ್ನು ಕಾಯಂ ವ್ಯವಸ್ಥೆಯಾಗಿ ನಿಲ್ಲಿಸಿ, ಅದರ ಪ್ರಮಾಣಪತ್ರವನ್ನು ಸರ್ಕಾರಿ ಮತ್ತು ಖಾಸಗಿ ನೇಮಕಾತಿಗಳೆರಡೂ ಅನುಭವವೆಂದು ಪರಿಗಣಿಸುವಂತೆ ಮಾಡುವುದು ಹೊಸ ಕಲ್ಪನೆಯೇನೂ ಅಲ್ಲ. ರೂಪಾಯಿಗೆ ಒಂದು ಆಣೆಯ ಕರದಿಂದ ಈ ಸೀಮೆಯ ಒಕ್ಕಲಿಗರು ನೂರೈವತ್ತು ವರ್ಷಗಳ ಹಿಂದೆಯೇ ಅದನ್ನು ಸಾಧಿಸಿ ತೋರಿಸಿದ್ದಾರೆ, ಇಂದಿನ ರಾಜ್ಯಕ್ಕೆ ಅದನ್ನು ಮಾಡಲು ಅಂದಿಗಿಂತ ಹೆಚ್ಚಿನ ಶಕ್ತಿಯೂ ಹೊಣೆಯೂ ಇವೆ.